ನದಿ ದಡದ ಆ ಊರಿಗೆ, ಜೆರೆಜೆಫ್

ಹೋದ ವಾರ ನನ್ನ ಪಿಎಚ್‌ಡಿ ಮುಗಿಯಿತು. ಅವತ್ತಿನಿಂದ ಫೋನು, ಮೆಸೇಜು ಬರುತ್ತಲೇ ಇವೆ. ಎಲ್ಲರಿಗೂ ಒಬ್ಬೊಬ್ಬರಾಗಿ ಉತ್ತರ ಬರೆಯುತ್ತೇನೆ. ಆದರೆ ನನ್ನ ಮೊದಲ ಧನ್ಯವಾದ ಸೇರಬೇಕಾದದ್ದು ಕನ್ನಡ ಬಾರದ ಒಂದು ಊರಿಗೆ. ಅವರು ಇದನ್ನು ಓದುವುದಿಲ್ಲ. ಅವರು ನನಗೆ ಏನು ಕೊಟ್ಟರು ಅನ್ನೋದು ನಮ್ಮವರಿಗಾದರೂ ಗೊತ್ತಾಗಲಿ.

ಊರು ಇರುವುದು ಸೆನೆಗಲ್ ದೇಶದ ಉತ್ತರ ತುದಿಯಲ್ಲಿ, ಸೆನೆಗಲ್ ನದಿಯ ದಡದಲ್ಲಿ. ನದಿಯಾಚೆ ಮಾರಿಟೇನಿಯಾ. ಮೂರು ವರ್ಷ ನಾನು ಅಲ್ಲಿ ಬಿಲ್ಹಾರ್ಜಿಯಾ ಅನ್ನೋ, ಮೈಯೊಳಗೆ ಸೇರುವ ಹುಳುವಿನಿಂದ ಬರುವ ರೋಗದ ಬೆನ್ನು ಹತ್ತಿದ್ದೆ. ರೋಗಿಯ ಮೂತ್ರ, ಮಲದ ಜೊತೆ ಹುಳುವಿನ ಮೊಟ್ಟೆ ನೀರು ಸೇರುತ್ತದೆ. ಮೊಟ್ಟೆಯೊಡೆದು ಬಂದ ಮರಿ ಒಂದು ಜಾತಿಯ ಬಸವನಹುಳುವಿನೊಳಗೆ ಹೊಕ್ಕು, ಅಲ್ಲೇ ಒಂದು ಹೋಗಿ ಸಾವಿರಾರು ಆಗುತ್ತದೆ. ಆಮೇಲೆ ಕವಲು ಬಾಲದ ಮರಿಗಳಾಗಿ ಮತ್ತೆ ನೀರಿಗೆ ಬರುತ್ತದೆ. ಆ ನೀರು ಕುಡಿಯಬೇಕಾಗಿಲ್ಲ. ಕಾಲಿಟ್ಟರೆ ಸಾಕು, ಚರ್ಮ ತೂರಿಕೊಂಡು ಒಳಗೆ ಹೋಗುತ್ತವೆ.

1986ರಲ್ಲಿ ನದಿ ಸಮುದ್ರ ಸೇರುವ ಜಾಗದ ಹತ್ತಿರ ದಿಯಾಮಾ ಅಣೆಕಟ್ಟು ಕಟ್ಟಿದರು. ಅದಕ್ಕೆ ಮುಂಚೆ ಮಳೆಯಿಲ್ಲದ ತಿಂಗಳುಗಳಲ್ಲಿ ಸಮುದ್ರದ ಉಪ್ಪು ನೀರು ನದಿಯೊಳಗೆ ಬಹಳ ದೂರ ನುಗ್ಗಿ ಬರುತ್ತಿತ್ತು. ಅಣೆಕಟ್ಟು ಅದನ್ನು ತಡೆಯಿತು. ಭತ್ತಕ್ಕೆ, ಕಬ್ಬಿಗೆ ವರ್ಷವಿಡೀ ಸಿಹಿನೀರು ಸಿಕ್ಕಿತು. ಬಸವನಹುಳುಗಳಿಗೂ ಸಿಕ್ಕಿತು. ಅವುಗಳನ್ನು ತಿನ್ನುತ್ತಿದ್ದ ದೊಡ್ಡ ಸಿಗಡಿಗಳು ಮರಿ ಮಾಡಲು ಉಪ್ಪು ನೀರಿನ ಕಡೆ ಹೋಗಿ ಬರಬೇಕು. ಆ ದಾರಿ ಮುಚ್ಚಿಹೋಯಿತು. ಈ ರೋಗದಲ್ಲಿ ಮೂತ್ರದ್ದು, ಕರುಳಿನದು ಅಂತ ಎರಡು ಬಗೆ. 1988ರಲ್ಲಿ ಅದೇ ನದಿ ದಡದ ರಿಶಾರ್ ಟೋಲ್ ಪಟ್ಟಣದಲ್ಲಿ ಕರುಳಿನ ಬಿಲ್ಹಾರ್ಜಿಯಾ ಮೊದಲ ಸಲ ಕಾಣಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಬಹುಪಾಲು ಜನಕ್ಕೆ ಹರಡಿತು. ಹಾಗಂತ ಅಣೆಕಟ್ಟು ಬೇಡವಿತ್ತು ಅಂತ ಊರಿನಲ್ಲಿ ಯಾರೂ ನನಗೆ ಹೇಳಲಿಲ್ಲ. ಅವರ ಗದ್ದೆಗೆ ನೀರು ಬರುವುದು ಅಲ್ಲಿಂದಲೇ.

ಮೊದಲು ಮಕ್ಕಳಿಗೆ ಧನ್ಯವಾದ. ಮೂತ್ರದಲ್ಲಿ ಮೊಟ್ಟೆ ಜಾಸ್ತಿ ಸಿಗುವುದು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ. ಕೊಡುವ ಮುಂಚೆ ಸ್ವಲ್ಪ ಓಡಿದರೆ ಇನ್ನೂ ಒಳ್ಳೆಯದು. ಅದಕ್ಕೆ ಆ ಬಿಸಿಲಲ್ಲಿ ಶಾಲೆಯ ಸುತ್ತ ಓಡಿ, ಕೈಯಲ್ಲಿ ಸಣ್ಣ ಪ್ಲಾಸ್ಟಿಕ್ ಕಪ್ ಹಿಡಿದು ಸಾಲಾಗಿ ಬರುತ್ತಿದ್ದರು. ಕೆಲವು ಕಪ್‌ಗಳಲ್ಲಿ ರಕ್ತ ಸೇರಿ ಬಣ್ಣ ತೆಳು ಕೆಂಪು. ಹತ್ತು ಮಿಲಿಲೀಟರ್ ತೆಗೆದು, ಸಿರಿಂಜಿನಿಂದ ಸಣ್ಣ ಜಾಲರಿಯಲ್ಲಿ ಸೋಸಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ತುದಿಯಲ್ಲಿ ಮುಳ್ಳಿರುವ ಮೊಟ್ಟೆಗಳು. ಒಬ್ಬ ಹುಡುಗ ತನ್ನದನ್ನು ತಾನೇ ನೋಡುತ್ತೇನೆ ಅಂತ ಹಟ ಮಾಡಿದ. ತೋರಿಸಿದೆ. ಬಹಳ ಹೊತ್ತು ಸುಮ್ನೆ ನೋಡುತ್ತಾ ನಿಂತಿದ್ದ. ಮಾರನೇ ದಿನ ತಂಗಿಯನ್ನೂ ಕರೆದುಕೊಂಡು ಬಂದ.

ಮಾತ್ರೆಯ ಹೆಸರು ಪ್ರಾಜಿಕ್ವಾಂಟೆಲ್. ಅಳತೆ ಕೋಲಿಗೆ ಒರಗಿ ನಿಲ್ಲಿಸಿ, ಎತ್ತರ ನೋಡಿ ಎಷ್ಟು ಮಾತ್ರೆ ಅಂತ ಲೆಕ್ಕ ಮಾಡುತ್ತಾರೆ. ದೊಡ್ಡ ಮಾತ್ರೆ, ಕಹಿ ಕಹಿ. ದೊಡ್ಡ ಹುಳುಗಳನ್ನು ಚೆನ್ನಾಗಿ ಕೊಲ್ಲುತ್ತದೆ. ಮತ್ತೆ ನೀರಿಗಿಳಿದರೆ ಮತ್ತೆ ರೋಗ, ಅಷ್ಟೆ.

ಇದನ್ನು ನನಗೆ ಅರ್ಥ ಮಾಡಿಸಿದ್ದು ಬಟ್ಟೆ ಒಗೆಯಲು ಬರುತ್ತಿದ್ದ ಒಬ್ಬ ತಾಯಿ. ನಾನು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಬಸವನಹುಳು ಎಣಿಸುತ್ತಿದ್ದೆ. ಅವರು ಬರಿಗಾಲಲ್ಲಿ ತೊಡೆಮಟ್ಟದ ನೀರಿನಲ್ಲಿದ್ದರು. 'ಮಾತ್ರೆ ಕೊಟ್ಟರೆ ತಗೊಳ್ಳುತ್ತೇನೆ. ನಾಳೆ ಬಟ್ಟೆ ಎಲ್ಲಿ ಒಗೆಯಲಿ?' ಅಂದರು. ಕೋಪದಿಂದಲ್ಲ, ನಿಜವಾಗಿಯೂ ಕೇಳಿದರು. ಅಲ್ಲಿಯವರೆಗೆ ಬಸವನಹುಳು ಎಷ್ಟಿವೆ ಅಂತ ಮಾತ್ರ ಬರೆದುಕೊಳ್ಳುತ್ತಿದ್ದೆ. ಅವತ್ತಿನಿಂದ ಯಾರು, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ನೀರಿನಲ್ಲಿರುತ್ತಾರೆ ಅಂತಲೂ ಬರೆಯತೊಡಗಿದೆ. ಬಸವನಹುಳುವಿನಿಂದ ಮರಿಗಳು ಜಾಸ್ತಿ ಹೊರಬರುವುದು ಬಿಸಿಲೇರಿದ ಮೇಲೆ. ಮಕ್ಕಳು ಈಜಲು ಬರುವುದೂ ಆಗಲೇ. ನನ್ನ ಪ್ರಬಂಧದ ಒಳ್ಳೆಯ ಅಧ್ಯಾಯ ಇದೇ. ಅದು ಅವರದು.

ಒಂದು ಸಂಜೆ ಅವರಿಗೆ ನಮ್ಮಜ್ಜಿಯ ಕತೆ ಹೇಳಿದೆ. ಅಜ್ಜಿ ಕುಷ್ಟಗಿ ಕಡೆಯವರು. ಅವರ ಕಾಲಿನಲ್ಲಿ ನಾರುಹುಣ್ಣಿನ ಗುರುತಿತ್ತು. ಬಿಳಿ ದಾರದಂಥ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯುತ್ತಿದ್ದರಂತೆ. ಹುಣ್ಣಿನ ಕಾಲಿಟ್ಟುಕೊಂಡೇ ಮೆಟ್ಟಿಲು ಬಾವಿಗೆ ಇಳಿಯಬೇಕು, ಅದೇ ನೀರು ಊರೆಲ್ಲ ಕುಡಿಯಬೇಕು. ಅದಕ್ಕೆ ಔಷಧಿ ಇರಲಿಲ್ಲ, ಈಗಲೂ ಇಲ್ಲ. ನೀರು ಸೋಸಿ ಕುಡಿದು, ಬೋರ್‌ವೆಲ್ ಹಾಕಿ, ಹುಣ್ಣಾದವರನ್ನು ಬಾವಿಯಿಂದ ದೂರ ಇಟ್ಟೇ ಅದನ್ನು ಓಡಿಸಿದರು. ಭಾರತದಲ್ಲಿ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ. 2000ದಲ್ಲಿ ನಾರುಹುಣ್ಣು ಇಲ್ಲದ ದೇಶ ಅಂತ ಪ್ರಮಾಣಪತ್ರ ಬಂತು. ಆ ತಾಯಿ ಎಲ್ಲ ಕೇಳಿ ಹೇಳಿದರು: 'ನಿಮ್ಮಜ್ಜಿಗೆ ಔಷಧಿ ಇರಲಿಲ್ಲ, ರೋಗ ಹೋಯಿತು. ನಮಗೆ ಔಷಧಿ ಇದೆ, ರೋಗ ಹೋಗಿಲ್ಲ.' ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೇ ವರ್ಷ ಒಂದು ಕಚೇರಿಯಲ್ಲಿ ನನ್ನ ಅನುಮತಿ ಪತ್ರ ನಾಲ್ಕು ತಿಂಗಳು ಕೂತಿತ್ತು. ಕೆಲಸ ನಿಂತಿತು, ಕೈಯಲ್ಲಿ ದುಡ್ಡಿರಲಿಲ್ಲ. ವಾಪಸ್ ಹೋಗಿಬಿಡೋಣ ಅನ್ನಿಸಿತ್ತು. ಆಗ ದಿನಾ ಊಟಕ್ಕೆ ಕರೆದ ಮನೆಯವರನ್ನು ಹೇಗೆ ಮರೆಯಲಿ? ಒಂದೇ ದೊಡ್ಡ ತಟ್ಟೆ, ಸುತ್ತ ಎಲ್ಲರೂ. ಮಧ್ಯದಲ್ಲಿರುವ ಮೀನು, ಗಜ್ಜರಿಯನ್ನು ಮುರಿದು ನನ್ನ ಕಡೆ ತಳ್ಳುತ್ತಿದ್ದರು. ಆಮೇಲೆ ಮೂರು ಸುತ್ತು ಅತ್ತಾಯ ಚಹಾ. ಮೊದಲನೆಯದು ಕಡು ಕಹಿ, ಮೂರನೆಯದು ಸಿಹಿ. ಮೂರೂ ಮುಗಿಯುವ ತನಕ ಏಳೋ ಹಾಗಿಲ್ಲ. ಆ ನಾಲ್ಕು ತಿಂಗಳು ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತಟ್ಟೆ.

ನೀರಿನ ಗಿಡ ಕಿತ್ತು ಬಸವನಹುಳು ಹುಡುಕುವುದು ಕಲಿಸಿದ ಅಣ್ಣನಿಗೆ, ಮರಳಲ್ಲಿ ಸಿಕ್ಕ ಜೀಪು ತಳ್ಳಿದ ಡ್ರೈವರ್‌ಗೆ, ಆರೋಗ್ಯ ಕೇಂದ್ರದ ಅಕ್ಕಂದಿರಿಗೆ, ಲ್ಯಾಬಿನ ಗೆಳೆಯರಿಗೆ, ನನ್ನ ಗೈಡ್‌ಗೆ, ಅಪ್ಪ ಅಮ್ಮನಿಗೆ ತುಂಬು ಮನಸ್ಸಿನ ಧನ್ಯವಾದ.

ಕೊನೆಯ ಸಲ ಹೋದಾಗ ಬೇವಿನ ಮರದ ಕೆಳಗೆ ಊರವರಿಗೆಲ್ಲ ಫಲಿತಾಂಶ ಓದಿ ಹೇಳಿದೆ. ಹೌದು, ಅಲ್ಲೂ ಬೇವಿದೆ. ಮುಗಿಸಿ 'ಜೆರೆಜೆಫ್' ಅಂದೆ, ವೊಲೊಫ್ ಭಾಷೆಯಲ್ಲಿ ಧನ್ಯವಾದ. ಎಲ್ಲರೂ ಒಟ್ಟಿಗೆ 'ಞೋ ಕೋ ಬೊಕ್' ಅಂದರು. ಅದು ನಮ್ಮೆಲ್ಲರದೂ ಹೌದು ಅಂತ ಅರ್ಥ.

ನಲ್ಲಿಯ ಹತ್ತಿರ ಬಟ್ಟೆ ಒಗೆಯುವ ಕಟ್ಟೆ ಕಟ್ಟಲು ಹೆಂಗಸರ ಗುಂಪು ಜಾಗ ಗುರುತು ಮಾಡಿಟ್ಟಿದೆ. ಮಳೆಗಾಲ ಮುಗಿದ ಮೇಲೆ ಕೆಲಸ ಶುರು. ಇಟ್ಟಿಗೆ ಹೊರುವುದರಲ್ಲಿ ನನ್ನ ಪಾಲೂ ಇದೆ ಅಂತ ಹೇಳಿ ಕಳಿಸಿದ್ದಾರೆ. ಟಿಕೆಟ್ ಮಾಡಿಸಿದ್ದೇನೆ.