ಸದಾಫುಲಿ ಎಲೆಯ ವಿಚಾರ

ಚಿ. ಸೌ. ವಿದ್ಯಾಳಿಗೆ ಕೋಥ್ರೂಡ್‌ನಿಂದ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದದ ಕೊನೆಯ ಸಾಲು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಪುಟ್ಟನ ರಕ್ತದ ಕ್ಯಾನ್ಸರಿಗೆ ಕೊಡುವ ಇಂಜೆಕ್ಷನ್ ಸದಾಫುಲಿಯಿಂದಲೇ (ನಮ್ಮ ಕಡೆಯ ನಿತ್ಯಪುಷ್ಪ) ಬಂದದ್ದಂತೆ, ಸೊಸೈಟಿ ಅಂಗಳದಲ್ಲೇ ಗಿಡವಿದೆ, ಬೆಳಿಗ್ಗೆ ನಾಲ್ಕೆಲೆ ಅರೆದು ಕೊಟ್ಟರೆ ತಪ್ಪೇನು ಅಂತ ಕೇಳಿದ್ದೀಯ. ಕೊಡಲು ಶುರು ಮಾಡಿದ್ದೀಯೋ ಇಲ್ಲವೋ, ಅದನ್ನು ಬರೆದಿಲ್ಲ.

ಅವನ ಇಂಜೆಕ್ಷನ್ ವಿನ್‌ಕ್ರಿಸ್ಟಿನ್ ಆ ಗಿಡದ್ದೇ, ನಿಜ. 1963ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಔಷಧ. ಆದರೆ ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ಮಕ್ಕಳಿಗೆ ಸಾಮಾನ್ಯವಾಗಿ ಮೈಯ ಚದರ ಮೀಟರಿಗೆ 1.5 ಮಿಲಿಗ್ರಾಂ ಲೆಕ್ಕ, ಹೆಚ್ಚೆಂದರೆ 2 ಮಿಲಿಗ್ರಾಂ, ಅದೂ ರಕ್ತನಾಳಕ್ಕೆ ಮಾತ್ರ. ನಾಲ್ಕೆಲೆಯಲ್ಲಿ ಅದು ಇದ್ದರೂ ಇಲ್ಲದ ಹಾಗೆ. ಜೊತೆಗಿರುವ ನೂರಕ್ಕೂ ಹೆಚ್ಚು ಆಲ್ಕಲಾಯ್ಡು ಅನ್ನುವ ಗಿಡದ ರಾಸಾಯನಿಕಗಳಲ್ಲಿ ಬಿಪಿ ಇಳಿಸುವಂಥವೂ ಇವೆ, ಬಿಳಿಕಣ ತಗ್ಗಿಸುವಂಥವೂ ಇವೆ. 1950ರ ದಶಕದಲ್ಲಿ ಕೆನಡಾದಲ್ಲಿ ಸಕ್ಕರೆ ಕಾಯಿಲೆಗೆಂದು ಇದರ ಸಾರವನ್ನು ಇಲಿಗಳಿಗೆ ಚುಚ್ಚಿ ನೋಡಿದರು. ಬಿಳಿಕಣ ಕುಸಿದು, ಸೋಂಕು ತಗುಲಿ ಸತ್ತವು.

ಗಿಡದ ಔಷಧ ಬೇಡವೆನ್ನುವವಳಲ್ಲ ನಾನು. ಒಮಾಸೆಟಾಕ್ಸಿನ್ ಕೂಡ ಗಿಡದ ಮೂಲದ್ದೇ, 2012ರಲ್ಲಿ ಒಪ್ಪಿಗೆಯಾಯಿತು. ಆದರೆ ಅದು ಬೇರೆ ಬಗೆಯ ರಕ್ತದ ಕ್ಯಾನ್ಸರಾದ ಸಿಎಂಎಲ್‌ಗೆ. ಪುಟ್ಟನದು ಎಎಲ್‌ಎಲ್.

ನನಗಿರುವ ಭಯ ಇಷ್ಟೇ. ಎಲೆ ರಸದಿಂದ ಲಿವರಿನ ತೊಂದರೆ ತೋರಿಸುವ ರಕ್ತಪರೀಕ್ಷೆಯ ಅಂಕಿ ಎಸ್‌ಜಿಪಿಟಿ ತೀರಾ ಏರಿತು ಅಂತಿಟ್ಟುಕೋ. ಡಾಕ್ಟರಿಗೆ ರಸದ ವಿಷಯ ಗೊತ್ತಿರುವುದಿಲ್ಲ, ಪುಟ್ಟ ನುಂಗುವ 6-ಎಂಪಿ ಅನ್ನುವ ಕ್ಯಾನ್ಸರ್ ಮಾತ್ರೆಯದೇ ಕಾಟವೆಂದು ಅದನ್ನು ನಿಲ್ಲಿಸುತ್ತಾರೆ. ರೋಗ ಮರಳದಂತೆ ತಡೆದಿರುವುದೇ ಆ ಮಾತ್ರೆ. ಅಮೃತಬಳ್ಳಿಯಿಂದ ಲಿವರ್ ಕೆಟ್ಟದ್ದನ್ನು ಮುಂಬೈ ವೈದ್ಯರೇ 2021ರಲ್ಲಿ ವರದಿ ಮಾಡಿದ್ದಾರೆ.

ಆಸ್ಪತ್ರೆಯ ಔಷಧ ಕಿಟಕಿಯಲ್ಲಿ ಕೂತಷ್ಟು ಕಾಲ ಮಾತ್ರೆ ಎಣಿಸಿ ಕೊಡುವುದರಲ್ಲೇ ಹೊತ್ತು ಹೋಯಿತು. ಮನೆಯಲ್ಲಿ ಇನ್ನೇನು ಕೊಡುತ್ತೀರಮ್ಮಾ ಅಂತ ಕೇಳಲು ಪುರುಸೊತ್ತೇ ಸಿಗಲಿಲ್ಲವಲ್ಲ ಅನ್ನುವ ಕೊರಗು ಇನ್ನೂ ಇದೆ. ಅದಕ್ಕೇ ನಿನ್ನನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ, ಕೊಟ್ಟಿದ್ದೀಯಾ?

ಬುದ್ಧಿ ಹೇಳುವುದು ಜಾಸ್ತಿಯಾಯಿತೇನೋ. ಇನ್ನೆರಡು ಮಾತು. ಇಂಜೆಕ್ಷನ್ ಆದಮೇಲೆ ಎರಡು ದಿನ ಹೊಟ್ಟೆ ಕಟ್ಟಿದರೆ, ದವಡೆ ನೋವೆಂದರೆ, ನಡೆಯುವಾಗ ಚಪ್ಪಲಿ ಕಾಲಿಂದ ಜಾರಿ ಪಾದದ ತುದಿ ನೆಲಕ್ಕೆ ಉಜ್ಜುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಿ ತಿಳಿಸು. ಬೇರೆ ಯಾರಾದರೂ ಫಂಗಸ್‌ಗೆಂದು ಇಟ್ರಾಕೊನಜೋಲ್ ಬರೆದರೆ ವಿನ್‌ಕ್ರಿಸ್ಟಿನ್ ನಡೆಯುತ್ತಿದೆ ಅನ್ನು. ಎರಡೂ ಸೇರಿದರೆ ನರಗಳಿಗೆ ಪೆಟ್ಟು ಜಾಸ್ತಿ.

ಎಲೆ ಕೊಟ್ಟಿದ್ದರೆ ಇವತ್ತೇ ನಿಲ್ಲಿಸು. ಗಿಡದ ಫೋಟೋ ತೆಗೆದುಕೊಂಡು ಹೋಗು, ಎಷ್ಟು ದಿನ, ಎಷ್ಟೆಲೆ ಅಂತ ಹೇಳು. ಬೈಸಿಕೊಂಡರೂ ಪರವಾಗಿಲ್ಲ. ನನಗೆ ಹೇಳದಿದ್ದರೂ ಸರಿ, ಡಾಕ್ಟರಿಗೆ ಹೇಳಮ್ಮ.

ಇಂತಿ,
ನಿನ್ನ ದೊಡ್ಡಮ್ಮ