ಗೊರಗುಟ್ಟುವ ಕುದುರೆ ಮೈಗಳ್ಳವಲ್ಲ

ಮಾನ್ಯ ಸಂಪಾದಕರೇ,

ಓಡುವಾಗ ಸದ್ದು ಮಾಡುತ್ತ ಹಿಂದೆ ಬೀಳುವ ಕುದುರೆಯನ್ನು ‘ದಮ್ಮಿಲ್ಲದ್ದು’, ‘ಮೈಗಳ್ಳ’ ಎಂದು ಜರೆದು ಚಾಟಿ ಬೀಸುವ ರೂಢಿ ಇನ್ನೂ ಹೋಗಿಲ್ಲ. ನಾನೂ ಹಾಗೆ ಮಾಡಿದವನೇ. ಎತ್ತರದ ನಿಲುವಿನ ನನ್ನ ಕುದುರೆಯೊಂದು ದೌಡಿನಲ್ಲಿ ಗರಗಸ ಎಳೆದಂತೆ ಉಸಿರಾಡುತ್ತಿದ್ದರೂ, ಕೊರತೆ ಇರುವುದು ಗಂಟಲಿನಲ್ಲಿ ಎಂದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು.

ಕುದುರೆಗೆ ನಮ್ಮಂತೆ ಬಾಯಿ ತೆರೆದು ಉಸಿರೆಳೆಯಲು ಬರುವುದಿಲ್ಲ. ಅದಕ್ಕಿರುವುದು ಮೂಗಿನ ದಾರಿಯೊಂದೇ. ನಾಗಾಲೋಟದಲ್ಲಿ ಪ್ರತಿ ನೆಗೆತಕ್ಕೊಂದು ಉಸಿರಿನಂತೆ ನಿಮಿಷಕ್ಕೆ 1,000 ಲೀಟರಿಗೂ ಮಿಕ್ಕ ಗಾಳಿ ಆ ದಾರಿಯಲ್ಲಿ ಹಾಯುವುದರಿಂದ, ಅಲ್ಲಿ ತುಸು ಇಕ್ಕಟ್ಟಾದರೂ ಸದ್ದು ಏಳುತ್ತದೆ, ಓಟ ಕುಗ್ಗುತ್ತದೆ. ಹೆಚ್ಚಾಗಿ ಕೈಕೊಡುವುದು ಧ್ವನಿಪೆಟ್ಟಿಗೆಯ ಎಡಭಾಗ. ಅದನ್ನು ತೆರೆಯುವ ಸ್ನಾಯುವಿಗೆ ಹೋಗುವ ನರವು ಎದೆಗೂಡಿಗಿಳಿದು, ಮಹಾಪಧಮನಿಯನ್ನು ಬಳಸಿ, ಮತ್ತೆ ಕತ್ತಿನುದ್ದಕ್ಕೂ ಮೇಲೇರಬೇಕು. ಇಷ್ಟುದ್ದದ ನರ ಸವೆದಾಗ ಸ್ನಾಯು ಸೊರಗಿ, ಎಡಗಡೆಯ ಮೃದ್ವಸ್ಥಿ ಗಾಳಿಯ ಸೆಳೆತಕ್ಕೆ ಒಳಕ್ಕೆ ವಾಲುತ್ತದೆ. ಈ ಸದ್ದು ಉಸಿರು ಒಳಗೆಳೆಯುವಾಗಿನದು, ಮೊದಮೊದಲು ಸಿಳ್ಳೆಯಂತೆ, ಬರಬರುತ್ತ ಗರ್ಜನೆಯಂತೆ. ಮೃದು ಅಂಗುಳು ಜಾರಿ ಕಿರುನಾಲಿಗೆಯ (ನುಂಗುವಾಗ ಶ್ವಾಸದ ದಾರಿ ಮುಚ್ಚುವ ಎಪಿಗ್ಲಾಟಿಸ್) ಮೇಲೇರುವ ತೊಂದರೆಯೇ ಬೇರೆ: ಅಲ್ಲಿ ಉಸಿರು ಬಿಡುವಾಗ ಗುಳುಗುಳು ಸದ್ದು ಬರುತ್ತದೆ, ಕುದುರೆ ಕಾಲು ಕಟ್ಟಿಹಾಕಿದಂತೆ ಥಟ್ಟನೆ ನಿಧಾನಿಸುತ್ತದೆ, ಒಮ್ಮೆ ಗುಟುಕರಿಸಿದರೆ ಸರಿಹೋಗುತ್ತದೆ.

ಇವೆರಡನ್ನು ಬೇರ್ಪಡಿಸಲು ಕುದುರೆಯ ಮುಂಗಾಲನ್ನು ಗಮನಿಸಬೇಕು. ದೌಡಿನಲ್ಲಿ ಮುಂಗಾಲು ನೆಲವೂರಿದಾಗ ಉಸಿರು ಹೊರಬೀಳುತ್ತದೆ, ಮುಂದಕ್ಕೆ ಚಾಚಿದಾಗ ಒಳಸೇರುತ್ತದೆ. ಸದ್ದು ಯಾವುದರ ಜೊತೆಗಿದೆ ಎಂಬುದನ್ನು ಬೇಲಿಯ ಪಕ್ಕ ನಿಂತವರೂ ಹಿಡಿಯಬಹುದು. (ಹೊಳ್ಳೆಗಳು ಪಟಪಟಿಸಿ ಬರುವ ಬುಸುಬುಸು ಸದ್ದು ರೋಗವಲ್ಲ, ಅದಕ್ಕೆ ಗಾಬರಿ ಬೇಡ.) ಆದರೆ ನಿರ್ಣಯ ಎಂಡೋಸ್ಕೋಪಿನದು, ಎಂದರೆ ಮೂಗಿನಿಂದ ಇಳಿಸಿ ಗಂಟಲು ನೋಡುವ ಕ್ಯಾಮೆರಾ ಕೊಳವೆಯದು. ಅದೂ ಲಾಯದಲ್ಲಿ ನಿಂತ ಕುದುರೆಗೆ ಮಾಡಿದರೆ ಸಾಲದು, ಏಕೆಂದರೆ ನಿಂತಾಗ ನೆಟ್ಟಗಿರುವ ಅಂಗುಳು ಓಟದಲ್ಲಷ್ಟೇ ಜಾರಬಹುದು; ಉಪಕರಣವನ್ನು ತಲೆಗೆ ಕಟ್ಟಿ ಓಡಿಸಿಯೇ ನೋಡುವ ವಿಧಾನ ಈಗ ಇದೆ.

ಮೃದ್ವಸ್ಥಿಯನ್ನು ಹೊಲಿಗೆ ಹಾಕಿ ತೆರೆದಿಡುವ ಶಸ್ತ್ರಚಿಕಿತ್ಸೆ ಹಲವು ಕುದುರೆಗಳನ್ನು ಮತ್ತೆ ಓಟಕ್ಕೆ ತಂದಿದೆ. ಹಾಗೆ ತೆರೆದೇ ಉಳಿದ ದಾರಿಗೆ ಮೇವಿನ ಚೂರು ಇಳಿದು ಕೆಮ್ಮು ಅಂಟಿಕೊಳ್ಳುವುದೂ ಉಂಟು. ಆದ್ದರಿಂದ ಹಗುರ ಸವಾರಿಯ ಕುದುರೆಗೆ ಕತ್ತರಿ ತಾಗಿಸದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಇನ್ನು ಕೊಳ್ಳುವವರು ಕುದುರೆಯನ್ನು ನಡೆಸಿ ನೋಡಿ ಹಣ ಎಣಿಸದೆ, ಪಶುವೈದ್ಯರ ಎದುರು ಏದುಸಿರು ಬರುವಷ್ಟು ಓಡಿಸಿ, ಕಿವಿಗೊಟ್ಟು ಕೇಳಲಿ.

— ಕುದುರೆ ಸಾಕಣೆದಾರ