ಅವರೆಕಾಯಿ ಜುಲೈನಲ್ಲಿ ಬರುವುದಿಲ್ಲ

ಪುಟ್ಟೀ,

ಫೋನಿನಲ್ಲೇ ಹೇಳೋಣ ಅಂತ ಮೂರು ಸಲ ನಿನ್ನ ನಂಬರ್ ಒತ್ತಿದೆ, ಮೂರು ಸಲವೂ ಕಟ್ ಮಾಡಿದೆ. ನೀನು ‘ಹೇಳಮ್ಮ’ ಅಂದ ತಕ್ಷಣ ನನಗೆ ‘ಊಟ ಆಯ್ತಾ’ ಅನ್ನೋದು ಬಿಟ್ಟು ಬೇರೆ ಮಾತೇ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸೋಮವಾರದಿಂದ ಕೆಲಸಕ್ಕೆ ಸೇರುತ್ತೀಯ. ಅಷ್ಟರಲ್ಲಿ ಇದು ನಿನ್ನ ಕೈ ಸೇರಲಿ.

ಗೌರಿ ಹಬ್ಬದ ರಾತ್ರಿ ನಡೆದದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಯಾರು ಯಾರು ಕೂತಿದ್ದರು, ಯಾರು ಮೊದಲು ದನಿ ಏರಿಸಿದರು, ಎಲ್ಲ ನಿನಗೂ ಗೊತ್ತು. ನಾನು ನಿನ್ನ ದೊಡ್ಡಮ್ಮನ ಹತ್ತಿರ, ‘ಇವಳು ಸೈಕಾಲಜಿ ಅಂದಾಗ ಎಲ್ಲರೂ ಬೇಡ ಅಂದರು. ಓದು ಮಗಳೇ ಅಂದವಳು ನಾನೊಬ್ಬಳೇ’ ಅಂದೆ. ನೀನು ತಟ್ಟೆ ಕೆಳಗಿಟ್ಟು, ‘ಅಮ್ಮ, ಅವತ್ತು ನೀನು ಒಂಬತ್ತು ದಿನ ನನ್ನ ಜೊತೆ ಮಾತೇ ಆಡಲಿಲ್ಲ’ ಅಂದೆ. ನಾನು ಎಲ್ಲರ ಮುಂದೆ ‘ಸುಳ್ಳು ಹೇಳಬೇಡ ಕಣೇ’ ಅಂದುಬಿಟ್ಟೆ. ಬೆಳಿಗ್ಗೆ ಆರೂವರೆ ಬಸ್ಸಿಗೆ ನೀನು ಹೊರಟ ಮೇಲೆ ನೋಡಿದರೆ, ಕಟ್ಟಿಟ್ಟ ಕಡುಬಿನ ಡಬ್ಬಿ ಅಡುಗೆ ಕಟ್ಟೆಯ ಮೇಲೆ ಹಾಗೇ ಇತ್ತು.

ನನಗೆ ಆ ದಿನ ಕಣ್ಣಿಗೆ ಕಟ್ಟಿದ ಹಾಗಿದೆ. ಜಗಲಿಯ ಮೇಲೆ ಕೂತಿದ್ದೇನೆ. ಮುಂದೆ ಮೊರದ ತುಂಬ ಅವರೆಕಾಯಿ. ಒಳ್ಳೆ ಸೊಗಡಿನ ಕಾಯಿ, ಬೆರಳಿಗೆಲ್ಲ ಅಂಟು ಹತ್ತಿದೆ. ಬಿಸಿಲು ಎಳೆಯದಾಗಿದೆ, ಕಾಲಿಗೆ ಹಿತವಾಗಿ ಬೀಳುತ್ತಿದೆ. ನೀನು ಕಂಬಕ್ಕೆ ಒರಗಿ ನಿಂತು ಕೇಳುತ್ತೀಯ. ನಾನು ಸುಲಿಯೋದು ನಿಲ್ಲಿಸದೆ, ‘ನಿನಗೆ ಇಷ್ಟ ಇರೋದನ್ನೇ ಓದಮ್ಮ. ಮನೆಯವರ ಹತ್ತಿರ ನಾನು ಮಾತಾಡ್ತೀನಿ’ ಅನ್ನುತ್ತೇನೆ. ಎಷ್ಟು ಜನಕ್ಕೆ ಹೇಳಿದ್ದೇನೆ ಇದನ್ನು! ಹೇಳುವಾಗೆಲ್ಲ ಎದೆ ತುಂಬಿ ಬರುತ್ತಿತ್ತು.

ನೀನು ಹೋದ ಮಾರನೇ ದಿನ ನಿನ್ನ ಕೋಣೆ ಗುಡಿಸುವಾಗ ಮಾನಸಗಂಗೋತ್ರಿಯ ನಿನ್ನ ನೋಟ್ಸು ಸಿಕ್ಕಿತು, ನೀಲಿ ಬೈಂಡಿನದು. ಸುಮ್ನೆ ತೆಗೆದು ಕೂತೆ. ನಾನು ಪಿಯುಸಿ ತನಕ ಓದಿದವಳು. ಅರ್ಧ ಅರ್ಥ ಆಗಲಿಲ್ಲ. ಆದರೆ ನೆನಪಿನ ಪಾಠವನ್ನು ಎರಡು ಸಲ ಓದಿದೆ.

ಅಮೆರಿಕದಲ್ಲಿ 1986ರ ಜನವರಿ 28ಕ್ಕೆ ಚಾಲೆಂಜರ್ ಅನ್ನುವ ಬಾಹ್ಯಾಕಾಶ ನೌಕೆ ಮೇಲೆ ಹಾರಿದ 73 ಸೆಕೆಂಡಿಗೆ ಒಡೆದುಹೋಯಿತಂತೆ. ಏಳು ಜನ ಸತ್ತರು. ಉಲ್ರಿಕ್ ನೈಸರ್ ಅನ್ನುವ ಪ್ರೊಫೆಸರ್ ಮಾರನೇ ಬೆಳಿಗ್ಗೆಯೇ ವಿದ್ಯಾರ್ಥಿಗಳ ಕೈಲಿ ಬರೆಸಿದರು: ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಅಂತ. ಸುಮಾರು ಎರಡೂವರೆ ವರ್ಷ ಬಿಟ್ಟು ಅವರಲ್ಲಿ 44 ಜನಕ್ಕೆ ಅದೇ ಪ್ರಶ್ನೆ ಕೇಳಿದರು. ಕಾಲು ಭಾಗದಷ್ಟು ಜನ ಹೇಳಿದ್ದು ಪೂರ್ತಿ ಬೇರೆಯದೇ. ಖಂಡಿತ ಹೀಗೇ ಆಯಿತು ಅಂತ ಗಟ್ಟಿಯಾಗಿ ಹೇಳಿದವರದ್ದೂ ತಪ್ಪಾಗಿತ್ತು. ಅವರದೇ ಅಕ್ಷರದಲ್ಲಿದ್ದ ಹಳೇ ಕಾಗದ ತೋರಿಸಿದರೂ ಮೊದಲಿನ ನೆನಪು ವಾಪಸ್ ಬರಲಿಲ್ಲ. ನೀನು ಅದರ ಕೆಳಗೆ ಎರಡು ಗೆರೆ ಎಳೆದಿದ್ದೀಯ.

ಆ ಗೆರೆ ನೋಡಿ ನನಗೆ ನನ್ನ ಲೆಕ್ಕದ ಪುಸ್ತಕ ನೆನಪಾಯಿತು. ಮದುವೆಯಾದಾಗಿನಿಂದ ಬರೆದದ್ದೆಲ್ಲ ಅಟ್ಟದ ಮೇಲಿನ ಟ್ರಂಕಿನಲ್ಲಿದೆ. 2017ರದ್ದನ್ನು ಇಳಿಸಿಕೊಂಡೆ. ರಟ್ಟು ಗೆದ್ದಲು ಹಿಡಿದಿದೆ, ಒಳಗಿನ ಹಾಳೆ ಚೆನ್ನಾಗಿದೆ. ಜುಲೈ ಪುಟದಲ್ಲಿ ನನ್ನದೇ ಅಕ್ಷರ:

3ನೇ ತಾರೀಕು: ಬಿ.ಕಾಂ. ಅರ್ಜಿ, ಫೋಟೋ, 160.
5ನೇ ತಾರೀಕು: ಇವರು 4,000 ತಗೊಂಡರು, ಯಾತಕ್ಕೆ ಹೇಳಲಿಲ್ಲ.
6ರಿಂದ 9: ಹಾಲು ಅರ್ಧ ಲೀಟರ್.

ಬಿ.ಕಾಂ. ಅರ್ಜಿ ತಂದವಳು ನಾನೇ. ನಿಮ್ಮಪ್ಪ ನನಗೆ ಹೇಳದೆ ಮೈಸೂರಿಗೆ ಹೋಗಿ ನಿನ್ನ ಫೀಸು ಕಟ್ಟಿದ್ದು ಆ ನಾಲ್ಕು ಸಾವಿರದಲ್ಲಿ. ಹಾಲು ಅರ್ಧ ಲೀಟರಿಗೆ ಇಳಿದದ್ದು ನೀನು ಮನೆಯಲ್ಲಿ ಇಲ್ಲದ್ದಕ್ಕೆ. ಅಜ್ಜಿ ಮನೆಗೆ ಹೋಗಿದ್ದೆ, ಅಲ್ವಾ? ನನಗೆ ಈಗಲೂ ಅದು ನೆನಪಿಗೆ ಬರುತ್ತಿಲ್ಲ ಪುಟ್ಟಿ. ಪುಟದ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಕೂತರೂ ನನಗೆ ಕಾಣುವುದು ಅದೇ ಜಗಲಿ, ಅದೇ ಮೊರ.

ಆಮೇಲೆ ತರಕಾರಿ ಲೆಕ್ಕ ನೋಡಿದೆ. ಬದನೆಕಾಯಿ, ಹೀರೆಕಾಯಿ, ದಂಟಿನ ಸೊಪ್ಪು. ಕೆ.ಆರ್. ನಗರದ ಸಂತೆಗೆ ಜುಲೈನಲ್ಲಿ ಸೊಗಡಿನ ಅವರೆಕಾಯಿ ಎಲ್ಲಿಂದ ಬರಬೇಕು? ಅದು ಧನುರ್ಮಾಸದ ಕಾಯಿ. ಮೂವತ್ತು ವರ್ಷ ಈ ಮನೆಯಲ್ಲಿ ಅವರೆಕಾಯಿ ಸುಲಿದವಳಿಗೆ ಇಷ್ಟು ಹೊಳೆಯಲಿಲ್ಲ ನೋಡು. 2018ರ ಜನವರಿಯಲ್ಲಿ ಇದೆ: ಅವರೆಕಾಯಿ 3 ಕೆ.ಜಿ. ಅಷ್ಟರಲ್ಲಿ ನೀನು ಕಾಲೇಜು ಸೇರಿ ಆರು ತಿಂಗಳಾಗಿತ್ತು.

ಹಾಗಾದರೆ ಕಂಬಕ್ಕೆ ಒರಗಿ ನಿಂತವಳು ಯಾರು?

ಮೂರು ದಿನ ತಲೆ ಕೆಡಿಸಿಕೊಂಡೆ. ಭಾನುವಾರ ಎದುರುಮನೆ ಹುಡುಗಿ ಬಂದಿದ್ದಳು. ಈಗ ನರ್ಸ್ ಆಗಿದ್ದಾಳೆ. ಕಾಫಿ ಕೊಡುವಾಗ ತಾನಾಗೇ ಅಂದಳು: ‘ಆಂಟಿ, ಅವತ್ತು ನೀವು ಅವರೆಕಾಯಿ ಸುಲೀತಾ ನಮ್ಮಮ್ಮನ ಹತ್ತಿರ ಮಾತಾಡ್ತೀನಿ ಅಂದ್ರಲ್ಲ, ಅದಕ್ಕೇ ನಾನು ನರ್ಸಿಂಗ್ ಸೇರಿದ್ದು.’ ಅವಳದ್ದೂ ನೆನಪೇ ತಾನೇ, ಅದನ್ನೂ ಪೂರ್ತಿ ನಂಬಬೇಕೋ ಏನೋ. ಆದರೆ ಕಾಫಿ ಲೋಟ ಹಿಡಿದಿದ್ದ ನನ್ನ ಕೈ ನಡುಗಿತು. ಆ ಮಾತು ನಾನು ಆಡಿದ್ದೇನೆ. ನಿನಗೆ ಅಲ್ಲ. ಬೇರೆಯವರ ಮಗಳಿಗೆ ಅಷ್ಟು ಸಲೀಸಾಗಿ ಆಡಿದೆ. ನನ್ನ ಮಗಳಿಗೆ ಆಡಬೇಕಿತ್ತು ಅಂತ ಒಳಗೆಲ್ಲೋ ಇದ್ದಿರಬೇಕು. ಅದಕ್ಕೇ ಅವಳನ್ನು ಕಂಬದಿಂದ ಸರಿಸಿ ನಿನ್ನನ್ನು ನಿಲ್ಲಿಸಿಕೊಂಡೆ. ಹೇಳುತ್ತಾ ಹೇಳುತ್ತಾ ಅದೇ ನಿಜ ಆಗಿಹೋಯಿತು.

ತಪ್ಪಾಯಿತು ಕಣೇ. ಅವತ್ತು ಮಾತಾಡದೆ ಇದ್ದದ್ದಕ್ಕೂ, ಮೊನ್ನೆ ಎಲ್ಲರ ಮುಂದೆ ನಿನ್ನ ಮಾತನ್ನು ಸುಳ್ಳು ಅಂದದ್ದಕ್ಕೂ. ದೊಡ್ಡಮ್ಮನಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ. ಅವರು ‘ಹೋಗಲಿ ಬಿಡು’ ಅಂದರು. ನಾನು ಬಿಡಲಿಲ್ಲ, ಪೂರ್ತಿ ಹೇಳಿದೆ.

ಒಂದು ಮಾತು ಕೇಳಲೇಬೇಕು, ಸಿಟ್ಟು ಮಾಡಿಕೊಳ್ಳಬೇಡ. ನೀನು ಒಂಬತ್ತು ದಿನ ಅಂದೆ. ಪುಸ್ತಕದಲ್ಲಿ ಹಾಲು ಕಮ್ಮಿಯಾದದ್ದು ನಾಲ್ಕೇ ದಿನ. ನೀನು ಹೋಗುವ ಮುಂಚೆ, ಬಂದ ಮೇಲೆ, ಮನೆಯಲ್ಲೇ ಇದ್ದು ನಾನು ಮಾತಾಡದ ದಿನಗಳೂ ಇದ್ದವೇನೋ. ಮಾತಾಡದ ದಿನವನ್ನು ನಾನು ಲೆಕ್ಕದಲ್ಲಿ ಬರೆದಿಲ್ಲ. ನಿನ್ನ ಒಂಬತ್ತೂ ಸರಿ ಇರಬಹುದು. ಹದಿನೆಂಟು ವರ್ಷದ ಹುಡುಗಿಗೆ ನಾಲ್ಕು ದಿನವೇ ಒಂಬತ್ತಾಗಿ ಕಂಡಿರಲೂಬಹುದು. ನಾಲ್ಕಾದರೂ ಅದು ಕಮ್ಮಿ ಅಂತ ನಾನು ಹೇಳುತ್ತಿಲ್ಲ.

ಯಾಕೆ ಬೇಡ ಅಂದೆ ಅಂತ ನೀನು ಕೇಳಿದ್ದೆ. ಮಾವನ ವಿಷಯ ನಿನಗೆ ಗೊತ್ತು, ಅದನ್ನು ಬಿಡಿಸಿ ಬರೆಯುವುದಿಲ್ಲ. ನಿನಗೆ ಹೇಳದೆ ಇದ್ದದ್ದು ಇಷ್ಟು. 1988ರಲ್ಲಿ ನಿಮ್ಹಾನ್ಸ್‌ನವರು ಕೊಟ್ಟ ಮಾತ್ರೆ ಚೆನ್ನಾಗೇ ಹಿಡಿದಿತ್ತು. ಅಣ್ಣ ಗದ್ದೆಗೆ ಹೋಗುತ್ತಿದ್ದ, ಎಲ್ಲರ ಜೊತೆ ಕೂತು ಉಣ್ಣುತ್ತಿದ್ದ. ‘ಚೆನ್ನಾಗಿದ್ದಾನಲ್ಲ, ಇನ್ನು ಯಾಕೆ, ಜನ ನೋಡಿದರೆ ಏನಂತಾರೆ’ ಅಂತ ನಿಲ್ಲಿಸಿದವರು ನಮ್ಮ ಮನೆಯವರೇ. ಮಾತ್ರೆಯ ಪೊಟ್ಟಣವನ್ನು ಒಲೆಗೆ ಹಾಕಿದವಳು ನಾನು. ಅಪ್ಪ ಹಾಕು ಅಂದರು, ಹಾಕಿದೆ. ಆಗ ನನಗೆ ಹದಿನೇಳು. ನೀನು ಸೈಕಾಲಜಿ ಅಂದ ದಿನ ನನ್ನ ಮೂಗಿಗೆ ಆ ಹೊಗೆ ಬಂದಿರಬೇಕು. ನೀನು ಎಂದಾದರೂ ಆ ಪೊಟ್ಟಣದ ತನಕ ಬರುತ್ತೀಯ ಅಂತ ಹೆದರಿದೆ ಅನ್ನಿಸುತ್ತೆ. ಈಗ ಇದನ್ನೂ ನಾನು ಕಟ್ಟಿಕೊಂಡು ಹೇಳುತ್ತಿದ್ದೇನಾ? ಇಲ್ಲ, ಪೊಟ್ಟಣ ಹಾಕಿದ್ದು ನಿಜ. ಚಿಕ್ಕಮ್ಮನನ್ನು ಕೇಳಿದೆ, ಅವಳಿಗೂ ಹಾಗೇ ನೆನಪಿದೆ.

ಈಗ ನೀನು ಕೂರುವ ಕೆಲಸದ ಮಾತು. ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಇರುವ ಸರ್ಕಾರದ ಸಹಾಯವಾಣಿ, 14416. ನಂಬರನ್ನು ನಮ್ಮ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಯಾರಾದರೂ ಕೇಳಿದರೆ, ನನ್ನ ಮಗಳು ಅಲ್ಲಿರೋದು, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಿ ಅನ್ನುತ್ತೇನೆ. ನೀನು ಓದಿದ ಮೈಸೂರು ವಿಶ್ವವಿದ್ಯಾಲಯದ ಸೈಕಾಲಜಿ ಡಿಪಾರ್ಟ್‌ಮೆಂಟ್ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ಶುರು ಮಾಡಿದ್ದು, ‘ಆಕಾಶವಾಣಿ’ ಅನ್ನೋದು ಅದರ ಹೆಸರು ಅಂತ ನೀನು ಹೇಳಿದ್ದೆ. ಮನೆಯಲ್ಲಿ ಕೂತವರಿಗೆ ದೂರದ ದನಿ ಮುಟ್ಟಿಸೋದು ದೊಡ್ಡ ಕೆಲಸ. ಅವತ್ತು ಒಲೆ ಮುಂದೆ ನಿಂತಿದ್ದ ನನಗೆ ಕೇಳೋಣ ಅಂದರೆ ಅಂಥ ಒಂದು ನಂಬರ್ ಇರಲಿಲ್ಲ.

ಒಂದು ಭಯ ಇದೆ. ನಿನಗೆ ಜನರನ್ನು ಬೇಗ ಅಳೆಯುವ ಅಭ್ಯಾಸ. ಚಿಕ್ಕವಳಿದ್ದಾಗಿಂದ ಹಾಗೇ. ಅದು ನನ್ನಿಂದ ಬಂದದ್ದು. ನಿನ್ನ ನೋಟ್ಸಿನಲ್ಲೇ ಇದೆಯಲ್ಲ, ಎಲಿಜಬೆತ್ ಲಾಫ್ಟಸ್ ಅವರು 1974ರಲ್ಲಿ ಮಾಡಿದ್ದು. ಕಾರು ಡಿಕ್ಕಿಯಾಗುವ ಫಿಲ್ಮ್ ತೋರಿಸಿ, 50 ಜನಕ್ಕೆ ‘ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು’ ಅಂತ, ಇನ್ನು 50 ಜನಕ್ಕೆ ‘ಡಿಕ್ಕಿಯಾದಾಗ ಎಷ್ಟಿತ್ತು’ ಅಂತ ಕೇಳಿದರು. ಒಂದು ವಾರ ಬಿಟ್ಟು ‘ಒಡೆದ ಗಾಜು ನೋಡಿದಿರಾ’ ಅಂದರು. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ. ‘ಅಪ್ಪಳಿಸಿದಾಗ’ ಅಂತ ಕೇಳಿಸಿಕೊಂಡವರಲ್ಲಿ 16 ಜನ ನೋಡಿದೆವು ಅಂದರು, ‘ಡಿಕ್ಕಿ’ ಕೇಳಿಸಿಕೊಂಡವರಲ್ಲಿ 7 ಜನ. ಒಂದೇ ಒಂದು ಪದ, ಪುಟ್ಟಿ. ಅದಕ್ಕೇ, ರಾತ್ರಿ ಎರಡು ಗಂಟೆಗೆ ಯಾರೋ ಅಳುತ್ತಾ ಫೋನ್ ಮಾಡಿದರೆ, ‘ಅವರು ನಿಮಗೆ ಹೊಡೆದರಾ’ ಅಂತ ನೀನಾಗಿ ಪದ ಕೊಡಬೇಡ. ‘ಏನಾಯಿತು ಹೇಳಿ’ ಅನ್ನು. ಸುಮ್ಮನಿರು. ಅವರೇ ಪದ ಹುಡುಕಿಕೊಳ್ಳಲಿ. ಒಬ್ಬ ತಾಯಿ ಫೋನ್ ಮಾಡಿ ‘ನಾನು ಮಗಳಿಗೆ ಏನೂ ಅನ್ನಲೇ ಇಲ್ಲ’ ಅಂದರೆ ಸುಳ್ಳಿ ಅಂದುಕೊಳ್ಳಬೇಡ. ಹಾಗಂತ ಅವಳ ಮಗಳನ್ನೂ ಸುಳ್ಳಿ ಮಾಡಬೇಡ. ಇನ್ನೊಬ್ಬರು ಸಿಡುಕಿದರೆ ಅವರ ಗುಣವೇ ಹಾಗೆ ಅನ್ನುತ್ತೇವೆ, ನಾವು ಸಿಡುಕಿದರೆ ಅವತ್ತು ತಲೆನೋವಿತ್ತು ಅನ್ನುತ್ತೇವೆ. ನನ್ನ ತಲೆನೋವನ್ನು ನಾನು ಎಷ್ಟು ಸಲ ಮುಂದೆ ತಂದಿದ್ದೇನೆ! ನಿನಗೂ ತಲೆನೋವು ಇರಬಹುದು ಅಂತ ಒಂದು ಸಲವೂ ಕೇಳಲಿಲ್ಲ.

ನೋಡು, ಎಂ.ಎ. ಮಾಡಿದವಳಿಗೆ ಪಾಠ ಹೇಳುತ್ತಾ ಕೂತಿದ್ದೇನೆ. ಹೇಳಬಾರದು ಅಂದುಕೊಂಡೇ ಪೆನ್ನು ಹಿಡಿದಿದ್ದೆ. ಇನ್ನೊಂದು ಹೇಳಿ ನಿಲ್ಲಿಸುತ್ತೇನೆ. ರಾತ್ರಿ ಪಾಳಿ ಇದ್ದ ದಿನ ಮಧ್ಯಾಹ್ನ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿಕೊಂಡು ಮಲಗು. ಬೇರೆಯವರ ದುಃಖ ಕೇಳಿ ಕೇಳಿ ನಿನಗೆ ಭಾರ ಆದರೆ ಮೇಲಿನವರಿಗೆ ಹೇಳು, ನುಂಗಿಕೊಳ್ಳಬೇಡ. ನಮ್ಮ ಮನೆಯಲ್ಲಿ ಎಲ್ಲರೂ ನುಂಗಿಕೊಂಡೇ ಬಂದೆವು.

ಆ 2017ರ ಜುಲೈ ನಿನಗೆ ಹೇಗೆ ನೆನಪಿದೆಯೋ ಹಾಗೆ ಬರೆದು ಕಳಿಸು. ಎಷ್ಟು ಪುಟ ಆದರೂ ಸರಿ. ಅಜ್ಜಿ ಮನೆಗೆ ಯಾರ ಜೊತೆ ಹೋದೆ, ಅಲ್ಲಿ ಏನು ಮಾಡಿದೆ, ವಾಪಸ್ ಬಂದ ದಿನ ಬಾಗಿಲು ತೆಗೆದವರು ಯಾರು, ನಾನು ಮೊದಲು ಆಡಿದ ಮಾತು ಯಾವುದು. ಅದು ನನ್ನ ಹತ್ತಿರ ಇಲ್ಲ. ನಿಮ್ಮಪ್ಪನನ್ನು ಕೇಳಿದರೆ ‘ಬಿಡೇ ಹಳೇದು’ ಅನ್ನುತ್ತಾರೆ. ನಿನ್ನ ಹತ್ತಿರ ಇದ್ದರೆ ಕೊಡು. ಹಾಗಲ್ಲ ಹೀಗೆ ಅಂತ ನಾನು ನಡುವೆ ಬಾಯಿ ಹಾಕುವುದಿಲ್ಲ.

ಲೆಕ್ಕದ ಪುಸ್ತಕವನ್ನು ಅಟ್ಟಕ್ಕೆ ವಾಪಸ್ ಇಟ್ಟಿಲ್ಲ, ನಿನ್ನ ಮೇಜಿನ ಮೇಲೆ ನೀಲಿ ನೋಟ್ಸಿನ ಪಕ್ಕದಲ್ಲೇ ಇದೆ. ದಸರಾಕ್ಕೆ ರಜೆ ಸಿಗದಿದ್ದರೆ ಧನುರ್ಮಾಸದಲ್ಲಾದರೂ ಎರಡು ದಿನ ಬಾ. ಅಷ್ಟರಲ್ಲಿ ಅವರೆಕಾಯಿ ಬಂದಿರುತ್ತೆ.

ಇಂತಿ,
ನಿನ್ನ ಅಮ್ಮ